ಹಳೆಯ ಸ್ಪೀಕರು, ಹೊಸ ಬಲೆ

ನಮ್ಮ ಮನೆಯಿರುವುದು ಬಳ್ಳಾರಿಯ ಕೋಟೆ ಗುಡ್ಡದ ಕೆಳಗಿನ ಹಳೆಯ ಬೀದಿಯೊಂದರಲ್ಲಿ. ಗೋಡೆಗಳು ಕಲ್ಲು ಮಣ್ಣಿನವು. ಒಂದೊಂದೂ ಮೊಳದ ಮೇಲೆ ದಪ್ಪ. ಬೇಸಗೆಯಲ್ಲಿ ಇದರಿಂದ ತಂಪುಂಟು, ನಿಜ. ಆದರೆ ಪಡಸಾಲೆಯಲ್ಲಿಟ್ಟ ವೈ-ಫೈ ಪೆಟ್ಟಿಗೆಯ ಅಲೆಗಳು ಅಡುಗೆಮನೆಯನ್ನು ಮುಟ್ಟುವಷ್ಟರಲ್ಲಿ ಸೋತುಹೋಗುತ್ತಿದ್ದುವು. ಆದುದರಿಂದ ಕಳೆದ ವರ್ಷ ‘ಮೆಶ್’ ಎಂಬ ಮೂರು ಪೆಟ್ಟಿಗೆಗಳ ಏರ್ಪಾಟನ್ನು ತರಿಸಿದೆವು. ಮಕ್ಕಳ ಫೋನುಗಳೆಲ್ಲ ಚುರುಕಾದುವು. ಅಂದೇ ಅಡುಗೆಮನೆಯ ಹಳೆಯ ಸ್ಪೀಕರು ಮೂಕವಾಯಿತು.

ಈ ಸ್ಪೀಕರು ನಮ್ಮ ತಾಯಿಯವರದು. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಟ್ರಾನ್ಸಿಸ್ಟರ್ ಒಂದಿದೆ, ಆದರೆ ಮನೆಯ ತುಂಬ ಎಲ್.ಇ.ಡಿ. ದೀಪಗಳೂ ಚಾರ್ಜರುಗಳೂ ಸೇರಿದ ಮೇಲೆ ಮೀಡಿಯಂ ವೇವ್‌ನಲ್ಲಿ ವಾರ್ತೆಗಿಂತ ಗರಗರ ಸದ್ದೇ ಹೆಚ್ಚು. ಆದುದರಿಂದ ಆಕಾಶವಾಣಿಯ ಕನ್ನಡ ನಿಲಯವನ್ನು ಫೋನಿನ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ಹಿಡಿದು ಈ ಸ್ಪೀಕರಿಗೆ ಕಳುಹಿಸುವುದು ನಮ್ಮಲ್ಲಿ ರೂಢಿ. ಅಂಗಡಿಯವನನ್ನು ಕೇಳಿದೆ. “ಹಳೇದಾತು ಸಾರ್, ಹೊಸಾದು ತಗೋರಿ” ಎಂದ. ಮೂರು ದಿನ ಮನೆಯಲ್ಲಿ ಬೆಳಗಿನ ವಾರ್ತೆಯಿಲ್ಲ. ತಾಯಿಯವರು ಏನೂ ಅನ್ನಲಿಲ್ಲ. ಅದೇ ನನ್ನನ್ನು ಹೆಚ್ಚು ಬಾಧಿಸಿತು. ಕೊನೆಗೆ ನೋಡಿದರೆ ಸ್ಪೀಕರಿನಲ್ಲಿ ದೋಷವೇ ಇರಲಿಲ್ಲ. ತಮ್ಮ ಮನೆಯಲ್ಲಿಯೂ ಹೀಗಾಗಿದ್ದರೆ, ಎಸೆಯುವ ಮೊದಲು ಈ ನಾಲ್ಕು ಮಾತುಗಳನ್ನು ಓದಬೇಕೆಂದು ಕೋರುತ್ತೇನೆ.

ಮೊದಲು, ತಮ್ಮದು ವೈ-ಫೈ ಬಲ್ಲ ಸ್ಪೀಕರೋ ಬರಿಯ ಬ್ಲೂಟೂತಿನದೋ ನೋಡಿಕೊಳ್ಳಿರಿ. ಸಿರುಗುಪ್ಪದಲ್ಲಿ ಭತ್ತದ ವ್ಯಾಪಾರ ಮಾಡುವ ನನ್ನ ಷಡ್ಡಕರು ಒಂದು ಭಾನುವಾರವೆಲ್ಲ ಬೆವರು ಸುರಿಸಿ ಸ್ಪೀಕರನ್ನು ಮೆಶ್‌ಗೆ ಸೇರಿಸಲು ಹೆಣಗಿದರು. ಅದರಲ್ಲಿ ವೈ-ಫೈ ಎಂಬುದೇ ಇರಲಿಲ್ಲ! ಬ್ಲೂಟೂತ್ ಸ್ಪೀಕರು ನೇರವಾಗಿ ಫೋನಿನೊಡನೆ ಮಾತನಾಡುತ್ತದೆ. ಅದಕ್ಕೆ ಮನೆಯ ಜಾಲದ ಹಂಗಿಲ್ಲ.

ಇನ್ನು ಅಲೆಗಳ ವಿಷಯ. ಒಂದು ಸಾವಿರ ಕಿಲೋಹರ್ಟ್ಸಿನ ಮೀಡಿಯಂ ವೇವ್ ಅಲೆಯ ಉದ್ದ 300 ಮೀಟರು; ಅದು ಗುಡ್ಡಗಳನ್ನು ಬಳಸಿಕೊಂಡು ಊರೂರು ದಾಟಿ ಬರುತ್ತದೆ. ವೈ-ಫೈ ಅಲೆಗಳು ಬಲು ಗಿಡ್ಡ. 2.4 ಗಿಗಾಹರ್ಟ್ಸಿನದು ಹನ್ನೆರಡೂವರೆ ಸೆಂಟಿಮೀಟರು, 5 ಗಿಗಾಹರ್ಟ್ಸಿನದು ಆರು ಸೆಂಟಿಮೀಟರು ಮಾತ್ರ. ಎರಡನೆಯದಕ್ಕೆ ವೇಗ ಹೆಚ್ಚು, ಆದರೆ ಗೋಡೆಗೆ ಬೇಗ ಸೋಲುತ್ತದೆ. ಹಳೆಯ ಸ್ಪೀಕರುಗಳಲ್ಲಿ ಹಲವು ಬಲ್ಲುದು 2.4 ಒಂದನ್ನೇ. ಮೆಶ್ ಏರ್ಪಾಟಾದರೋ ಎರಡನ್ನೂ ಒಂದೇ ಹೆಸರಿನಲ್ಲಿ ಸಾರುತ್ತದೆ. ಫೋನು ಸಹಜವಾಗಿ 5ಕ್ಕೆ ಅಂಟಿಕೊಳ್ಳುತ್ತದೆ. ಮೊದಲ ಸಲ ಜೋಡಿಸುವಾಗ ಫೋನೂ 2.4ರಲ್ಲಿಯೇ ಇರಬೇಕೆಂದು ಕೆಲವು ಸ್ಪೀಕರುಗಳು ಹಟ ಹಿಡಿಯುವುದುಂಟು. ಆಗ ಮೆಶ್‌ನ ಆ್ಯಪಿನಲ್ಲಿ 5ನ್ನು ಸ್ವಲ್ಪ ಹೊತ್ತು ನಿಲ್ಲಿಸಲು ಅವಕಾಶವಿದೆಯೇ ನೋಡಿರಿ. ಇಲ್ಲದಿದ್ದರೆ ಫೋನನ್ನೂ ಸ್ಪೀಕರನ್ನೂ ಹಿತ್ತಲಿಗೆ ಒಯ್ಯಿರಿ. ದೂರ ಹೋದಂತೆ 5 ಕುಗ್ಗಿ, ಫೋನು ತಾನಾಗಿ 2.4ಕ್ಕೆ ಇಳಿಯುತ್ತದೆ.

ಎರಡನೆಯ ತೊಡಕು ಬೀಗದ್ದು. ವೈ-ಫೈಯನ್ನು ಕಾಯುವ ‘ಡಬ್ಲ್ಯುಪಿಎ-2’ ಎಂಬ ಏರ್ಪಾಟು ಬಂದುದು 2004ರಲ್ಲಿ, ‘ಡಬ್ಲ್ಯುಪಿಎ-3’ 2018ರಲ್ಲಿ. ಹೊಸ ಮೆಶ್ ಮೂರನೆಯದನ್ನೇ ಕೇಳಿದರೆ, ಎರಡನೆಯದನ್ನು ಮಾತ್ರ ಬಲ್ಲ ಸ್ಪೀಕರು ಬಾಗಿಲಲ್ಲಿಯೇ ನಿಲ್ಲುತ್ತದೆ. ಪಾಸ್‌ವರ್ಡ್ ಸರಿಯಿದ್ದರೂ ‘ತಪ್ಪು’ ಎನ್ನುತ್ತದೆ. ಹಳಗನ್ನಡ ಮಾತ್ರ ಓದಿದವನಿಗೆ ಇಂದಿನ ಪತ್ರಿಕೆ ಕೊಟ್ಟಂತೆ ಇದು, ಅವನನ್ನು ನಿರಕ್ಷರಿಯೆನ್ನಲಾದೀತೇ? ಎರಡೂ ಸೇರಿದ ಮಿಶ್ರ ಏರ್ಪಾಟಿನಲ್ಲಿಯೂ ಕೆಲವು ಸ್ಪೀಕರುಗಳು ಗಲಿಬಿಲಿಗೊಳ್ಳುತ್ತವೆ. ಅಂಥಲ್ಲಿ ಡಬ್ಲ್ಯುಪಿಎ-2 ಒಂದನ್ನೇ ಆರಿಸಿರಿ. ಸ್ಪೀಕರಿನ ಮೇಲಿನ ಮರುಕದಿಂದ ಪಾಸ್‌ವರ್ಡನ್ನೇ ತೆಗೆದುಹಾಕುವುದು ಮಾತ್ರ ಸಲ್ಲದು. ಎಮ್ಮೆ ಒಳಬರಲೆಂದು ತಲೆಬಾಗಿಲನ್ನೇ ಕಿತ್ತುಹಾಕುವವರುಂಟೇ?

ಎಲ್ಲಕ್ಕಿಂತ ಸುಲಭದ ಉಪಾಯ, ನನಗೆ ಕೊನೆಯಲ್ಲಿ ಹೊಳೆದುದು, ಹೆಸರಿನದು. ಸ್ಪೀಕರಿಗೆ ನೆನಪಿರುವುದು ಹಳೆಯ ಪೆಟ್ಟಿಗೆಯ ಹೆಸರು ಮತ್ತು ಪಾಸ್‌ವರ್ಡ್. ಹೊಸ ಮೆಶ್‌ಗೂ ಅವೆರಡನ್ನೇ, ಅಕ್ಷರಕ್ಕೆ ಅಕ್ಷರ, ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಸಹಿತ ಇಟ್ಟು, ಹಳೆಯ ಪೆಟ್ಟಿಗೆಯ ವೈ-ಫೈಯನ್ನು ಆರಿಸಿಬಿಟ್ಟೆ. ಬೀಗವನ್ನು ಡಬ್ಲ್ಯುಪಿಎ-2ಕ್ಕೆ ಇಳಿಸಿದೆ. ಸ್ಪೀಕರಿನ ಪ್ಲಗ್ಗನ್ನು ಒಮ್ಮೆ ಕಿತ್ತು ಸಿಕ್ಕಿಸಿದ್ದಷ್ಟೇ. ನಾಲ್ಕನೆಯ ಬೆಳಗ್ಗೆ ಪ್ರದೇಶ ಸಮಾಚಾರ ಬರುತ್ತಿರಲು, ತಾಯಿಯವರು ಒಲೆಯ ಮುಂದಿನಿಂದಲೇ “ಮಳೆ ಎಲ್ಲಾಗೈತಂತೆ, ಸ್ವಲ್ಪ ಜೋರು ಮಾಡಪ್ಪ” ಎಂದರು.

ಹಳೆಯ ಪೆಟ್ಟಿಗೆಯ ವೈ-ಫೈಯನ್ನು ಆರಿಸಬೇಕೆಂದುದಕ್ಕೆ ಇನ್ನೊಂದು ಕಾರಣವುಂಟು. ಎರಡೂ ಉರಿಯುತ್ತಿದ್ದರೆ ಫೋನು ಒಂದರಲ್ಲಿ, ಸ್ಪೀಕರು ಇನ್ನೊಂದರಲ್ಲಿ ಸೇರಿ, ಒಂದೇ ಮನೆಯಲ್ಲಿದ್ದೂ ಒಂದನ್ನೊಂದು ಕಾಣದೆ ಹೋಗಬಹುದು. ಅತಿಥಿಗಳಿಗೆಂದು ಇಟ್ಟ ‘ಗೆಸ್ಟ್’ ಜಾಲಕ್ಕೆ ಸ್ಪೀಕರನ್ನು ಸೇರಿಸಿದರೂ ಇದೇ ಫಲ. ಆ ಜಾಲವಿರುವುದೇ ಬಂದವರನ್ನು ಮನೆಯವರಿಂದ ಬೇರೆಯಿಡಲು. ಹಲವು ಮೆಶ್‌ಗಳಲ್ಲಿ ‘ಐಒಟಿ’ ಎಂಬ ಉಪಜಾಲ ದೊರೆಯುತ್ತದೆ. ಅದನ್ನು 2.4 ಮತ್ತು ಡಬ್ಲ್ಯುಪಿಎ-2ಕ್ಕೆ ಮೀಸಲಿಟ್ಟರೆ ಉಳಿದ ಮನೆಗೆ ಹೊಸ ಬೀಗವೇ ಇರಬಹುದು. ಫೋನಿಗೆ ಆಗಲೂ ಸ್ಪೀಕರು ಕಾಣುವುದೇ ಎಂದು ಪರೀಕ್ಷಿಸಿಕೊಂಡರಾಯಿತು.

ಪೆಟ್ಟಿಗೆಯನ್ನು ಇಡುವ ಜಾಗವೂ ಮುಖ್ಯ. ಕುರುಗೋಡಿನಲ್ಲಿ ಬಂಡೆಗುಡ್ಡದ ಬುಡದ ಮನೆಯೊಂದರಲ್ಲಿ, ಚೆಂದಕ್ಕಾಗಿ ಮೆಶ್ ಪೆಟ್ಟಿಗೆಯನ್ನು ಗೋಡೆಯ ಗೂಡಿನಲ್ಲಿ, ಸ್ಟೀಲ್ ಡಬ್ಬಗಳ ಹಿಂದೆ ಬಚ್ಚಿಟ್ಟಿದ್ದರು. ಲೋಹ ಅಲೆಗಳನ್ನು ಹಿಂದಕ್ಕೆ ತಳ್ಳುತ್ತದೆ. ಅಲೆ ಸತ್ತ ಕೋಣೆಯಲ್ಲಿ ಎರಡನೆಯ ಪೆಟ್ಟಿಗೆಯನ್ನಿಟ್ಟರೂ ಪ್ರಯೋಜನವಿಲ್ಲ. ಮೊದಲನೆಯದರ ಅಲೆ ಇನ್ನೂ ಗಟ್ಟಿಯಾಗಿರುವ ನಡುದಾರಿಯಲ್ಲಿಡಬೇಕು. ಅಲ್ಲಿ ಡಬ್ಬಗಳನ್ನು ಸರಿಸಿ, ಪೆಟ್ಟಿಗೆಯನ್ನು ನಡುಮನೆಯ ಬಾಗಿಲ ಮೇಲಿನ ಹಲಗೆಗೆ ಏರಿಸಿದ್ದೇ ಚಿಕಿತ್ಸೆ.

ಇಷ್ಟಾಗಿಯೂ ಕೆಲವು ಸ್ಪೀಕರುಗಳು ಒಗ್ಗುವುದಿಲ್ಲ. ಮನೆಯ ಜಾಲ ಸರಿಯಿದ್ದರೂ ತಯಾರಕರ ಕಡೆಯಿಂದ ತಡೆ ಬರುವುದುಂಟು. 2025ರ ಮಾರ್ಚಿಯಲ್ಲಿ, 2019ರಲ್ಲೇ ತಯಾರಿಕೆ ನಿಂತಿದ್ದ ಗೂಗಲ್ ಸಂಸ್ಥೆಯ ‘ಕ್ರೋಮ್‌ಕಾಸ್ಟ್ ಆಡಿಯೋ’ ಬಿಲ್ಲೆಗಳು, ಒಳಗಿನ ಪ್ರಮಾಣಪತ್ರದ ಅವಧಿ ಮುಗಿದುದರಿಂದ ಲೋಕದಾದ್ಯಂತ ಒಮ್ಮೆಲೇ ಕೈಕೊಟ್ಟುವು. ಕೆಲವು ದಿನಗಳಲ್ಲಿ ಸಂಸ್ಥೆ ಸರಿಪಡಿಸಿತು. ಅಂಥ ಹೊತ್ತಿಗೆ ಸ್ಪೀಕರಿನ ಬೆನ್ನನ್ನೊಮ್ಮೆ ನೋಡಿರಿ. ಜಾಲದ ತಂತಿಯ ಕಿಂಡಿಯಿದ್ದರೆ ಅದನ್ನು ಹತ್ತಿರದ ಮೆಶ್ ಪೆಟ್ಟಿಗೆಗೆ ತಂತಿಯಿಂದಲೇ ಜೋಡಿಸಬಹುದು. ಬೀಗದ ತಕರಾರೂ ಅಲೆಯ ತಕರಾರೂ ಆಗ ಇಲ್ಲ. ದುಂಡನೆಯ ‘ಆಕ್ಸ್’ ಕಿಂಡಿಯಿದ್ದರೆ ಹಳೆಯ ಫೋನೊಂದನ್ನು ಅದಕ್ಕೇ ಮೀಸಲಿಟ್ಟು, ಮೊಳದುದ್ದದ ತಂತಿಯಿಂದ ಸೇರಿಸಿರಿ. ಹೊಸ ಫೋನುಗಳಲ್ಲಿ ಆ ಕಿಂಡಿ ಇಲ್ಲದಿರುವುದೇ ಹೆಚ್ಚು. ಹಳೆಯದನ್ನು ಮಾರುವ ಮುನ್ನ ನೋಡಿಕೊಳ್ಳಿರಿ.