ಫೋನು ಪುಕ್ಕಟೆ, ಮಾತಾಡೋಕೆ ಮೂಲೆ ಎಲ್ಲಿ?

"ಹುಚ್ಚಾಸ್ಪತ್ರೆಗಾ? ಯಾರಿಗೆ?" ಕೆಂಗೇರಿಯಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೊರಟವರಿಗೆ ನೆರೆಯವರು ಹಾಕೋ ಪ್ರಶ್ನೆ ಇದೇ. ಆಸ್ಪತ್ರೆ ನಿಮ್ಹಾನ್ಸ್ ಆದದ್ದು 1974ರಲ್ಲಿ. ಜನರ ಬಾಯಿ ಇನ್ನೂ ಬದಲಾಗಿಲ್ಲ. ಈ ಪ್ರಶ್ನೆಗೆ ಹೆದರಿಯೇ ಎಷ್ಟೋ ಮಂದಿ ಹೊಸಿಲು ದಾಟೋದಿಲ್ಲ.

ಅಂಥವರಿಗೆ ಅನುಕೂಲವಾಗಲೆಂದು ಬಂದದ್ದು ಟೆಲಿ-ಮಾನಸ್. ಕೇಂದ್ರ ಸರ್ಕಾರ ಶುರು ಮಾಡಿದ್ದು 2022ರ ಅಕ್ಟೋಬರ್ 10ರಂದು; ಮುಖ್ಯ ಕೇಂದ್ರ ಅದೇ ನಿಮ್ಹಾನ್ಸ್. 14416 ಒತ್ತಿದರೆ ಹಗಲಿರುಳೆನ್ನದೆ ಕನ್ನಡದಲ್ಲೇ ಮಾತಾಡಬಹುದು, ಕಾಸು ಖರ್ಚಿಲ್ಲ. ಮೊದಲು ತರಬೇತಿ ಪಡೆದ ಸಲಹೆಗಾರರು ಕೇಳಿಸಿಕೊಳ್ತಾರೆ. ಅವರ ಕೈಮೀರಿದ್ದಾದರೆ ಮನೋವೈದ್ಯರಿಗೆ ದಾಟಿಸ್ತಾರೆ. ಆಸ್ಪತ್ರೆಗೆ ಕಳಿಸೋದೂ ಉಂಟು.

ಸರಿ, ಮಾತಾಡೋದು ಎಲ್ಲಿ ನಿಂತು?

ಮಾಗಡಿ ರಸ್ತೆ ಆಸುಪಾಸಿನ ಯಾವುದೇ ವಠಾರಕ್ಕೆ ಹೋಗಿ ನೋಡಿ. ಒಂದೇ ಕೋಣೆಯ ಮನೆ. ಅತ್ತೆ ಮಂಚದ ಮೇಲೆ, ಮಕ್ಕಳು ನೆಲದ ಮೇಲೆ, ಗೋಡೆಯಾಚೆ ಓನರಮ್ಮನ ಕಿವಿ. ಇರೋ ಒಂದು ಫೋನು ಯಜಮಾನರ ಜೇಬಿನಲ್ಲಿ. "ಯಾರಿಗೇ ಮಾಡಿದ್ದೆ?" ಅಂತ ನಂಬರು ತೋರಿಸಿ ಕೇಳಿದರೆ ಏನು ಹೇಳೋದು? ಗಂಡನ ಕುಡಿತದಿಂದಲೇ ನಿದ್ದೆಗೆಟ್ಟಾಕೆ ಅದನ್ನು ಗಂಡನ ಫೋನಿನಲ್ಲೇ ತೋಡಿಕೊಳ್ಳಬೇಕೆ?

ಬಟ್ಟೆ ಒಣಹಾಕೋ ನೆಪದಲ್ಲಿ ಮಹಡಿ ಹತ್ತಬಹುದು, ನಿಜ. ಅಲ್ಲೂ ಹತ್ತು ನಿಮಿಷವಾದರೆ ಯಾರಾದರೂ ಬಕೆಟ್ಟು ಹಿಡಿದು ಬಂದೇ ಬರ್ತಾರೆ.

ವಾರ್ಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಾಗಿಲು ಹಾಕಿಕೊಳ್ಳೋ ಒಂದು ಕೋಣೆ, ಅದರಲ್ಲೊಂದು ಫೋನು ಇಟ್ಟರೆ ಆಗದೇ? ಬಿ.ಪಿ. ತೋರಿಸಿಕೊಂಡು ಬರ್ತೀನಿ ಅಂತ ಹೊರಟವರನ್ನು ಯಾರೂ ತಡೆಯೋದಿಲ್ಲ.