ನಿರಾಶ್ರಿತರಿಗಾಗಿ ಹುಟ್ಟಿದ ಸಂಸ್ಥೆ, ನಮ್ಮ ಊರಿನ ಸಂಘ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಲ್ಲದ ಮನೆ ಕಡಿಮೆ. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಕಟ್ಟಿದ ನಮ್ಮ ಮಹಿಳಾ ಸಂಘದ ಲೆಕ್ಕ ಬರೆಯುವವಳು ನಾನು. ಇಂಥ ಸಂಘಗಳ ಒಂದು ಬೇರು ಟಿಬೆಟಿನ ನಿರಾಶ್ರಿತರ ಬದುಕಿನಲ್ಲಿದೆ ಎಂದರೆ ಹೊಸದಾಗಿ ಸೇರಿದವರು ಬೆರಗಾಗುತ್ತಾರೆ.

1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ಭಾರತಕ್ಕೆ ಬಂದರು. ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅವರಿಗೆ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು. ಯಾಕ್ ಮೇಯಿಸಿ, ಬಾರ್ಲಿ ಬೆಳೆದು ಗೊತ್ತಿದ್ದವರು ಇಲ್ಲಿ ಬಿಸಿಲು ತಾಳಿ, ಕಾಡು ಕಡಿದು, ಆನೆ ಕಾಟದ ನಡುವೆ ಮುಸುಕಿನ ಜೋಳ ಬೆಳೆಯಲು ಕಲಿತರು. ಟ್ರ್ಯಾಕ್ಟರ್, ಬೀಜ, ಗೊಬ್ಬರ, ಮಾರಾಟ ಎಲ್ಲದಕ್ಕೂ ಅವರದೇ ಸಹಕಾರ ಸಂಘ ಬೆನ್ನಿಗೆ ನಿಂತಿತು. ಮಳೆ ನಂಬಿದ ಒಂದೇ ಬೆಳೆಯಿಂದ ವರ್ಷವಿಡೀ ಹೊಟ್ಟೆ ತುಂಬದಲ್ಲ? ಚಳಿಗಾಲದಲ್ಲಿ ಲೂಧಿಯಾನದ ಸ್ವೆಟರ್ ತಂದು ಊರೂರು ಮಾರಿದರು.

ಮುಂದೆ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲೂ ನೆಲೆಗಳಾದವು. ಈ ಪುನರ್ವಸತಿಯ ಕೆಲಸಕ್ಕೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಆ ಕೆಲಸ ಮುಗಿದ ಮೇಲೆ ಅದು ನಮ್ಮ ಬಡ ಹಳ್ಳಿಗಳತ್ತ ತಿರುಗಿತು. 1984-85ರ ಹೊತ್ತಿಗೆ ಅದು ಬೆಂಬಲಿಸಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದವು. ಸದಸ್ಯರು ಸಣ್ಣ ಗುಂಪುಗಳಾಗಿ ಮೈರಾಡದ ಬಳಿ ಬಂದು, ಸಾಲ ನಿಮಗೇ ತೀರಿಸುತ್ತೇವೆ ಎಂದರು. ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದಿತು ಮೈರಾಡ. ಆ ಗುಂಪುಗಳ ಅನುಭವವೂ ಸೇರಿ 1992ರಲ್ಲಿ ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇಂಥ 500 ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗಕ್ಕೆ ಕೈಹಾಕಿತು.

ಬ್ಯಾಂಕು ಸಂಘಕ್ಕೆ ಸಾಲ ಕೊಡುತ್ತದೆ, ಯಾರಿಗೆಷ್ಟು ಎಂಬುದನ್ನು ಸಂಘ ತೀರ್ಮಾನಿಸುತ್ತದೆ. ನಮ್ಮಲ್ಲಿ ಒಬ್ಬಾಕೆ ನೂಲಿನ ಕಂಡಿಕೆ ಸುತ್ತುವ ಯಂತ್ರಕ್ಕೆ ದುಡ್ಡು ಕೇಳಿದಾಗ, ಜಮಖಾನದ ಮೇಲೆ ಸುತ್ತ ಕೂತವರು ಕೇಳಿದ್ದು ನೇರ ಪ್ರಶ್ನೆ: ದಿನಕ್ಕೆ ಎಷ್ಟು ಕಂಡಿಕೆ ಹೋಗುತ್ತೆ, ಕರೆಂಟಿಲ್ಲದ ದಿನ ಏನು ಮಾಡ್ತೀಯ? ಅವಳು ಲೆಕ್ಕ ಒಪ್ಪಿಸಿದಳು. ಸಾಲ ಕೊಡುವುದೆಂದು ನಾನು ನಡಾವಳಿ ಪುಸ್ತಕದಲ್ಲಿ ಬರೆದೆ, ಎಲ್ಲರೂ ಸಹಿ ಹಾಕಿದರು. ಅಡವಿಡಲು ಅವಳ ಹತ್ತಿರ ಒಂದು ಗುಂಟೆ ಜಮೀನೂ ಇರಲಿಲ್ಲ.

ನೆಲೆ ತಪ್ಪಿದವರ ಮಾತಿಗೆ ಮರಳಿದರೆ, 2024ರ ಕೊನೆಗೆ ಜಗತ್ತಿನಲ್ಲಿ ಯುದ್ಧ, ಹಿಂಸೆ, ಕಿರುಕುಳಗಳಿಂದ ಮನೆ ಬಿಟ್ಟವರು 12 ಕೋಟಿಗೂ ಹೆಚ್ಚು. ಅವರಿಗೆ ಮೊದಲು ಅನ್ನ, ಸೂರು ಬೇಕು, ನಿಜ. ಆದರೆ ರೇಷನ್ನಿನ ಸಾಲು ಬದುಕಲ್ಲ. ಬೈಲಕುಪ್ಪೆಯವರಿಗೆ ದುಡಿಯಲು ನೆಲ, ಕಲಿಯಲು ಸಮಯ, ತಮ್ಮದೇ ಸಂಘ, ಊರೂರಿಗೆ ಹೋಗಿ ವ್ಯಾಪಾರ ಮಾಡುವ ಅವಕಾಶ ಇವೆಲ್ಲ ಒಟ್ಟಿಗೆ ಸಿಕ್ಕವು. ಒಂದು ಕಡಿಮೆಯಾಗಿದ್ದರೂ ಜೋಳದ ಹೊಲ ನಿಲ್ಲುತ್ತಿರಲಿಲ್ಲ. ನೆಲೆ ತಪ್ಪಿದವರಿಗೆ ಕೊಡುವುದು ದಂಡ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಅವರಿಗೆಂದು ಕಟ್ಟಿದ ಸಂಸ್ಥೆ ಕಂಡುಕೊಂಡ ದಾರಿಯಲ್ಲೇ ಇಂದು ನಮ್ಮ ಹೆಂಗಸರು ದುಬಾರಿ ಬಡ್ಡಿಯ ಸಾಲದಿಂದ ಹೊರಬರುತ್ತಿದ್ದಾರೆ.