ಎರಿಕ್‌ಸನ್ನರ ಬಾಳಘಟ್ಟಗಳು: ಪರಿಕಲ್ಪನೆ ಮತ್ತು ಪರಿಭಾಷೆ

ಮನುಷ್ಯನ ಮಾನಸಿಕ ಬೆಳವಣಿಗೆ ಇಪ್ಪತ್ತರ ಹೊತ್ತಿಗೆ ಮುಗಿಯುತ್ತದೆ, ಆಮೇಲಿನದು ಬರಿಯ ಬಾಳುವೆ ಮತ್ತು ಸವೆತ ಎಂಬ ಗ್ರಹಿಕೆ ಮನೋವಿಜ್ಞಾನದಲ್ಲಿ ಬಹುಕಾಲ ಬೇರೂರಿತ್ತು. ಫ್ರಾಯ್ಡ್ ವ್ಯಕ್ತಿತ್ವದ ಬುನಾದಿಯನ್ನು ಮೊದಲ ಐದಾರು ವರ್ಷಗಳಲ್ಲಿ ಕಂಡರು. ಪಿಯಾಜೆ ಚಿಂತನೆಯ ವಿಕಾಸವನ್ನು ಹದಿಹರೆಯದ ಅಮೂರ್ತ ತರ್ಕದವರೆಗೆ ತಂದು ನಿಲ್ಲಿಸಿದರು. ತೊಟ್ಟಿಲಿನಿಂದ ಮುಪ್ಪಿನವರೆಗಿನ ಇಡೀ ಬಾಳನ್ನು ಒಂದೇ ವಿಕಾಸಕ್ರಮವಾಗಿ ನೋಡಿದವರಲ್ಲಿ ಎರಿಕ್ ಎರಿಕ್‌ಸನ್ (1902–1994) ಪ್ರಮುಖರು. 1950ರಲ್ಲಿ ಪ್ರಕಟವಾದ ‘ಚೈಲ್ಡ್‌ಹುಡ್ ಆಂಡ್ ಸೊಸೈಟಿ’ ಕೃತಿಯಲ್ಲಿ ಅವರು ಎಂಟು ಘಟ್ಟಗಳ ವಿನ್ಯಾಸವನ್ನು ಮಂಡಿಸಿದರು. ಆ ವಿನ್ಯಾಸದ ಪಾರಿಭಾಷಿಕ ಪದಗಳು ಕನ್ನಡದ ಶಿಕ್ಷಣಶಾಸ್ತ್ರದ ಪಠ್ಯಗಳಿಗೂ ಸಾಹಿತ್ಯ ವಿಮರ್ಶೆಗೂ ಬಂದು ಸೇರಿವೆ. ಆದರೆ ಪದಗಳು ಬಂದಷ್ಟು ಸಲೀಸಾಗಿ ಅವುಗಳ ಹಿಂದಿನ ಅರ್ಥ ಬಂದಿಲ್ಲ.

ಎರಿಕ್‌ಸನ್ನರ ಮೂಲ ತತ್ತ್ವ ಭ್ರೂಣಶಾಸ್ತ್ರದಿಂದ ಪಡೆದದ್ದು. ಗರ್ಭದಲ್ಲಿ ಒಂದೊಂದು ಅಂಗವೂ ಮುಂಚೂಣಿಗೆ ಬರಲು ತನ್ನದೇ ಆದ ಕಾಲವಿರುವಂತೆ ಮಾನಸಿಕ ಜೀವನದಲ್ಲಿಯೂ ಒಂದೊಂದು ಸಾಮರ್ಥ್ಯಕ್ಕೆ ಒಂದೊಂದು ಕಾಲವಿದೆ. ಶೈಶವದಲ್ಲಿ ನಂಬಿಕೆ ಮತ್ತು ಅಪನಂಬಿಕೆಗಳ ನಡುವೆ, ನಡೆಯಲು ಕಲಿಯುವ ವಯಸ್ಸಿನಲ್ಲಿ ಸ್ವಾಯತ್ತತೆ ಮತ್ತು ಲಜ್ಜೆಗಳ ನಡುವೆ ತೊಯ್ದಾಟ ನಡೆಯುತ್ತದೆ. ಆಟದ ವಯಸ್ಸಿನ ಉಪಕ್ರಮಕ್ಕೆ ಎದುರಾಗಿ ಅಪರಾಧಪ್ರಜ್ಞೆ, ಶಾಲೆಯ ವಯಸ್ಸಿನ ದುಡಿಮೆಗೆ ಎದುರಾಗಿ ಕೀಳರಿಮೆ ನಿಲ್ಲುತ್ತವೆ. ಹರೆಯಕ್ಕೆ ಅನನ್ಯತೆ, ಯೌವನಕ್ಕೆ ಆತ್ಮೀಯತೆ, ನಡುವಯಸ್ಸಿಗೆ ಮುಂದಿನ ಪೀಳಿಗೆಯ ಪೋಷಣೆ, ಮುಪ್ಪಿಗೆ ಸಮಗ್ರತೆ ಸಲ್ಲುತ್ತವೆ. ಈ ತೊಯ್ದಾಟಗಳನ್ನು ‘ಬಿಕ್ಕಟ್ಟು’ ಎಂದು ಕರೆಯುವುದು ರೂಢಿಯಾದರೂ ಎರಿಕ್‌ಸನ್ನರ ಉದ್ದೇಶ ವಿಪತ್ತನ್ನು ಸೂಚಿಸುವುದಲ್ಲ. ಅದು ತಿರುವಿನ ಗಳಿಗೆ. ಒಂದು ಧ್ರುವ ಗೆದ್ದು ಇನ್ನೊಂದು ಅಳಿಯಬೇಕೆಂದೂ ಅವರು ಹೇಳಲಿಲ್ಲ. ಅಪನಂಬಿಕೆಯೇ ಇಲ್ಲದ ಮಗು ಕಂಡಕಂಡವರ ಹಿಂದೆ ಹೋದೀತು. ಮುಖ್ಯವಾದದ್ದು ಎರಡರ ನಡುವಿನ ಪ್ರಮಾಣ.

ಇವುಗಳಲ್ಲಿ ಅತಿ ಹೆಚ್ಚು ಬಳಕೆಯಾದದ್ದು ಐದನೆಯ ಘಟ್ಟದ ಪರಿಕಲ್ಪನೆ. ಇದಕ್ಕೆ ಕನ್ನಡದಲ್ಲಿ ‘ಅನನ್ಯತೆ’, ‘ಅಸ್ಮಿತೆ’, ‘ಗುರುತು’ ಎಂಬ ಮೂರು ಪದಗಳು ಚಲಾವಣೆಯಲ್ಲಿವೆ. ‘ಅನನ್ಯತೆ’ ಇತರರಿಂದ ಬೇರೆಯಾಗಿರುವುದನ್ನು ಒತ್ತಿ ಹೇಳುತ್ತದೆ. ‘ಅಸ್ಮಿತೆ’ ಪತಂಜಲಿಯ ಯೋಗಸೂತ್ರದಲ್ಲಿ ಐದು ಕ್ಲೇಶಗಳಲ್ಲೊಂದು, ಅಂದರೆ ಕಳೆದುಕೊಳ್ಳಬೇಕಾದದ್ದು. ಅದೇ ಪದ ಇಂದು ಗಳಿಸಿಕೊಳ್ಳಬೇಕಾದದ್ದರ ಹೆಸರಾಗಿರುವುದು ಭಾಷೆಯ ಚೋದ್ಯ. ಎರಿಕ್‌ಸನ್ ಹೇಳುವುದು ಎರಡು ಅಂಶಗಳ ಕೂಡಿಕೆಯನ್ನು. ನಿನ್ನೆಯ ತಾನೇ ಇಂದೂ ಇದ್ದೇನೆ ಎಂಬ ಒಳಗಿನ ಸಾತತ್ಯ ಒಂದು. ಆ ಸಾತತ್ಯವನ್ನು ಸುತ್ತಲಿನವರೂ ಗುರುತಿಸುತ್ತಾರೆಂಬ ಭರವಸೆ ಇನ್ನೊಂದು. ಈ ಎರಡನೆಯದನ್ನು ಒಳಗೊಳ್ಳುವ ಶಕ್ತಿ ಸರಳವಾದ ‘ಗುರುತು’ ಎಂಬ ಪದಕ್ಕೇ ಹೆಚ್ಚು.

ಈ ಪರಿಕಲ್ಪನೆಗೆ ಅವರ ಬಾಳಿನದೇ ಹಿನ್ನೆಲೆಯಿದೆ. ಜರ್ಮನಿಯಲ್ಲಿ ಹುಟ್ಟಿದ ಅವರಿಗೆ ಜನ್ಮ ಕೊಟ್ಟ ತಂದೆ ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ. ಮಲತಂದೆಯ ಹೋಂಬರ್ಗರ್ ಎಂಬ ಹೆಸರಿನಲ್ಲಿ ಬೆಳೆದು, 1933ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಅಲ್ಲಿನ ಪೌರರಾದಾಗ ‘ಎರಿಕ್‌ಸನ್’ ಎಂಬ ಹೆಸರನ್ನು ತಾವೇ ತೆಗೆದುಕೊಂಡರು. ಎರಿಕನ ಮಗ ಎರಿಕ್: ತನಗೆ ತಾನೇ ತಂದೆಯಾದಂತೆ!

ಅನುವಾದಕ್ಕೆ ನಿಜವಾಗಿ ಸವಾಲೊಡ್ಡುವುದು ಏಳನೆಯ ಘಟ್ಟ. ಅದನ್ನು ‘ಉತ್ಪಾದಕತೆ’ ಅಥವಾ ‘ಸೃಜನಶೀಲತೆ’ ಎಂದರೆ ಅರ್ಥ ತಪ್ಪುತ್ತದೆ. ಈ ಎರಡೂ ತಮ್ಮ ಪರಿಕಲ್ಪನೆಗೆ ಪರ್ಯಾಯವಾಗಲಾರವೆಂದು ಎರಿಕ್‌ಸನ್ನರೇ ಸೂಚಿಸಿದ್ದಾರೆ. ಮುಂದಿನ ಪೀಳಿಗೆಯನ್ನು ನೆಲೆಗೊಳಿಸುವ, ಅದಕ್ಕೆ ದಾರಿ ತೋರುವ ಕಾಳಜಿ ಅದು. ‘ಪೀಳಿಗೆಪೋಷಣೆ’ ಎಂಬುದು ಕಿವಿಗೆ ಒರಟಾದರೂ ಅರ್ಥಕ್ಕೆ ಹತ್ತಿರ. ಇದರ ಪರೀಕ್ಷೆಗಾಗಿ ಎರಿಕ್‌ಸನ್ ಆಯ್ದುಕೊಂಡದ್ದು ಭಾರತದ ಒಂದು ಪ್ರಸಂಗವನ್ನು. 1962ರಲ್ಲಿ ಬದುಕಿನ ಘಟ್ಟಗಳ ಕುರಿತ ವಿಚಾರಗೋಷ್ಠಿಗೆಂದು ಅಹಮದಾಬಾದಿಗೆ ಬಂದ ಅವರು 1918ರ ಗಿರಣಿ ಮುಷ್ಕರದಲ್ಲಿ ಆಸಕ್ತರಾದರು. ಕಾರ್ಮಿಕರ ಬೇಡಿಕೆ ಶೇ. 35ರ ಹೆಚ್ಚಳ, ಮಾಲೀಕರ ಕೊಡುಗೆ ಶೇ. 20. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪಕ್ಷದಲ್ಲಿ ಅವರದೇ ಅಕ್ಕ ಅನಸೂಯಾ. ಮಾರ್ಚ್ 15ರಂದು ಗಾಂಧೀಜಿ ಉಪವಾಸ ಕೈಗೊಂಡರು, 18ರಂದು ಒಪ್ಪಂದವಾಯಿತು. ಆಗ ಅವರ ವಯಸ್ಸು 48. ಸ್ವಂತ ಮಕ್ಕಳಾಚೆಗೆ ಒಂದು ಸಮುದಾಯವನ್ನೇ ಪೋಷಿಸುವ ಹೊಣೆಯನ್ನು ಹೊತ್ತ ನಡುವಯಸ್ಸಿನ ವ್ಯಕ್ತಿಯನ್ನು ಎರಿಕ್‌ಸನ್ ಅಲ್ಲಿ ಕಂಡರು.

ಆದರೆ 1969ರಲ್ಲಿ ಹೊರಬಂದ ‘ಗಾಂಧೀಸ್ ಟ್ರೂತ್’ ಬರಿಯ ಸ್ತುತಿಯಲ್ಲ. ಪುಸ್ತಕದ ನಡುವೆ, ತೀರಿಹೋದ ಮಹಾತ್ಮರನ್ನೇ ಉದ್ದೇಶಿಸಿದ ಒಂದು ಪತ್ರವಿದೆ. ಎದುರಾಳಿಗೆ ಅಹಿಂಸೆಯನ್ನು ತೋರಿದವರು ಪತ್ನಿಯೊಂದಿಗೆ, ಮಕ್ಕಳೊಂದಿಗೆ, ಆಶ್ರಮದ ಎಳೆಯರೊಂದಿಗೆ ಕಠಿಣರಾದದ್ದೇಕೆ ಎಂಬ ಪ್ರಶ್ನೆ ಅದರಲ್ಲಿದೆ. ಲೋಕಕ್ಕೆ ತಂದೆಯಾಗುವುದು ಮನೆಯ ಮಕ್ಕಳ ಪಾಲನ್ನು ಕಸಿಯಬಲ್ಲದು ಎಂಬುದು ಪೀಳಿಗೆಪೋಷಣೆಯ ಪರಿಕಲ್ಪನೆಯೊಳಗೇ ಇರುವ ತೊಡಕು. ಸಿದ್ಧಾಂತವನ್ನು ಸಂಕ್ಷೇಪಿಸುವ ಕೋಷ್ಟಕಗಳಲ್ಲಿ ಈ ತೊಡಕಿಗೆ ಜಾಗವಿಲ್ಲ.

ಎಂಟು ಘಟ್ಟಗಳನ್ನು ಚತುರಾಶ್ರಮಗಳಿಗೆ ಹೋಲಿಸುವ ಕ್ರಮವೂ ಅಹಮದಾಬಾದಿನ ಆ ಸಂಪರ್ಕದಿಂದಲೇ ಬಲಗೊಂಡಿತು. ಎರಿಕ್‌ಸನ್ನರ ಸಹವರ್ತಿಯಾಗಿದ್ದ ಸುಧೀರ್ ಕಾಕರ್ 1968ರ ಲೇಖನವೊಂದರಲ್ಲಿ ಈ ಹೋಲಿಕೆಯನ್ನು ವಿವರವಾಗಿ ಬೆಳೆಸಿದರು. ಹೋಲಿಕೆ ಆಕರ್ಷಕವಾದರೂ ಎಚ್ಚರ ಅಗತ್ಯ. ಆಶ್ರಮವ್ಯವಸ್ಥೆ ಉಪನಯನದ ನಂತರ ಆರಂಭವಾಗುವಂಥದು. ಎರಿಕ್‌ಸನ್ನರಲ್ಲಿ ಆ ವಯಸ್ಸಿಗೆ ಮೂರು ಘಟ್ಟಗಳು ದಾಟಿರುತ್ತವೆ. ಮೊದಲನೆಯದು ಹೀಗೆ ಬಾಳಬೇಕೆಂಬ ವಿಧಿ, ಅದೂ ಮೇಲ್ವರ್ಣದ ಪುರುಷನಿಗೆ. ಎರಡನೆಯದು ಹೀಗೆ ಬೆಳೆಯುತ್ತಾರೆಂಬ ವಿವರಣೆ.

ಆ ವಿವರಣೆಯೂ ಗಂಡಿನ ಬಾಳನ್ನೇ ಮಾದರಿಯಾಗಿಸಿಕೊಂಡಿದೆ ಎಂಬ ಆಕ್ಷೇಪವನ್ನು ಕ್ಯಾರೊಲ್ ಗಿಲಿಗನ್ 1982ರಲ್ಲಿ ಎತ್ತಿದರು. ಮೊದಲು ಗುರುತು, ಆಮೇಲೆ ಆತ್ಮೀಯತೆ ಎಂಬ ಅನುಕ್ರಮ ಹೆಣ್ಣಿನ ಅನುಭವಕ್ಕೆ ಹೊಂದುವುದಿಲ್ಲ, ಅವಳಲ್ಲಿ ಇವೆರಡೂ ಹೆಣೆದುಕೊಂಡೇ ಬೆಳೆಯುತ್ತವೆ ಎಂಬುದು ಅವರ ವಾದ. ಪುರುಷಪಾತ್ರಗಳಿಗೂ ಈ ಅನುಕ್ರಮ ಕಟ್ಟುನಿಟ್ಟಾಗಿ ಒಗ್ಗದು. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯ ಪ್ರಾಣೇಶಾಚಾರ್ಯರಿಗೆ ತಾನು ಯಾರೆಂಬ ಪ್ರಶ್ನೆ ಎದುರಾಗುವುದು ಹರೆಯದಲ್ಲಲ್ಲ. ಅಗ್ರಹಾರಕ್ಕೆ ಗುರುವಾಗಿ ನೆಲೆಗೊಂಡ ಮೇಲೆ.

ಎಂಟನೆಯ ಘಟ್ಟದ ಪದವನ್ನು ಕೆಲವೆಡೆ ‘ಪ್ರಾಮಾಣಿಕತೆ’ ಎಂದು ಅನುವಾದಿಸುವುದುಂಟು. ಅದು ಸರಿಯಲ್ಲ. ಬಾಳಿದ ಬಾಳನ್ನು ಅದರ ಕೊರತೆಗಳ ಸಮೇತ ತನ್ನದೆಂದು ಒಪ್ಪಿಕೊಳ್ಳುವ ಇಡಿತನ ಅಲ್ಲಿನ ಆಶಯ. ಅದಕ್ಕೆದುರಾದದ್ದು ಇನ್ನು ಕಾಲವಿಲ್ಲವೆಂಬ ಹತಾಶೆ. ತಾವೇ ತೊಂಬತ್ತನ್ನು ತಲುಪಿದ ಎರಿಕ್‌ಸನ್ ದಂಪತಿಗೆ ಇದೂ ಸಾಲದೆನಿಸಿತು. 1997ರ ವಿಸ್ತೃತ ಆವೃತ್ತಿಯಲ್ಲಿ ಜೋನ್ ಎರಿಕ್‌ಸನ್ ಒಂಬತ್ತನೆಯ ಘಟ್ಟವನ್ನು ಸೇರಿಸಿದರು. ಎಂಬತ್ತು ತೊಂಬತ್ತರ ವಯಸ್ಸಿನಲ್ಲಿ ಹಿಂದಿನ ತೊಯ್ದಾಟಗಳೆಲ್ಲ ಮತ್ತೆ ಎದ್ದು ಬರುತ್ತವೆ, ಆದರೆ ತಲೆಕೆಳಗಾಗಿ. ಕೈಕಾಲುಗಳ ಮೇಲೆ ಹಿಡಿತ ತಪ್ಪಿದವರಿಗೆ ಮೊದಲು ಎದುರಾಗುವುದು ತಮ್ಮ ದೇಹದ ಮೇಲಿನ ಅಪನಂಬಿಕೆ. ಹೀಗಾಗಿ ಜೋನ್ ಪ್ರತಿ ಜೋಡಿಯಲ್ಲಿಯೂ ಪದಗಳ ಸ್ಥಾನವನ್ನು ಅದಲುಬದಲು ಮಾಡಿ, ಅಪನಂಬಿಕೆಯನ್ನು ಮುಂದಿಟ್ಟು ನಂಬಿಕೆಯನ್ನು ಅದರ ನಂತರ ಬರೆದರು.